ಕಪ್ಪು ಅಂದ್ರೆ ಯಾವ ಕಪ್ಪು?

"ನಿಮ್ ಅಸಲಿ ಬಣ್ಣ ಯಾವ್ದ್ರಿ ಅಕ್ಕಾ?"

ಬುಧವಾರ ಸಂಜೆ ಕೇಳಿದ ಮಾತಿದು. ಇವತ್ತು ಭಾನುವಾರ, ಇನ್ನೂ ಕಿವಿಯಲ್ಲೇ ಇದೆ.

ಕೇಳಿದವಳು ವಿದ್ಯಾನಗರದ ಒಂದು ಸಣ್ಣ ಪಾರ್ಲರಿನ ಹುಡುಗಿ. ಹೈಲೈಟ್ ಅಂತ ಅಲ್ಲಲ್ಲಿ ಎಳೆಗಳಿಗೆ ತಿಳಿ ಬಣ್ಣ ಮಾಡಿಸಿಕೊಂಡಿದ್ದ ಕೂದಲನ್ನು ಮೊದಲಿನ ಬಣ್ಣಕ್ಕೆ ತರಿಸಬೇಕು ಅಂತ ಹೋಗಿದ್ದೆ. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಬಾಯಲ್ಲಿ ಸೋಂಪು, ಮುಖದಲ್ಲಿ ನಗುವಿಲ್ಲ. ನಾನು "ಕಪ್ಪು" ಅಂದೆ. ಇದೂ ಒಂದು ಪ್ರಶ್ನೆನಾ ಅನ್ನುವ ಧಾಟಿಯಲ್ಲೇ ಅಂದೆ. ಅವಳು "ಕಪ್ಪು ಅಂದ್ರೆ ಯಾವ ಕಪ್ಪು?" ಅಂತ ಮತ್ತೆ ಕೇಳಿ, ಶೇಡ್ ಕಾರ್ಡ್ ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. ಸಾಲಾಗಿ ಕೂದಲಿನ ಸಣ್ಣ ಕುಚ್ಚುಗಳು, ಪಕ್ಕದಲ್ಲಿ ನಂಬರು. ಒಂದು ಅಂದ್ರೆ ಕಪ್ಪು. ಮೂರು ಅಂದ್ರೆ ಗಾಢ ಕಂದು. ಹತ್ತಕ್ಕೆ ಬರುವಷ್ಟರಲ್ಲಿ ನಮ್ಮ ಕಡೆಯ ಮೆಕ್ಕೆಜೋಳದ ತೆನೆಯ ಕೂದಲು.

ಆಮೇಲೆ ನನ್ನ ಕತ್ತಿನ ಹಿಂದಿನಿಂದ ಒಂದು ಎಳೆ ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಮೂರನೇ ಕುಚ್ಚಿನ ಪಕ್ಕ ಇಟ್ಟಳು. ಅಣ್ಣತಮ್ಮಂದಿರ ಹಾಗಿದ್ದವು ಎರಡೂ.

"ನೋಡ್ರಿ, ನೀವು ಕಪ್ಪಲ್ಲ."

ಮೂವತ್ತೊಂಬತ್ತು ವರ್ಷ ಹೊತ್ತು ತಿರುಗಿದ ಕೂದಲಿನ ಬಣ್ಣ ನನಗೆ ಗೊತ್ತಿರಲಿಲ್ಲ. ಪಾಸ್‌ಪೋರ್ಟ್ ಮಾಡಿಸಿದ್ದೇನೆ, ಗಂಡನಿಗೆ ಅನ್ನ ಎಷ್ಟು ಮೆತ್ತಗಿರಬೇಕು ಅಂತ ಗೊತ್ತು, ಇದು ಗೊತ್ತಿಲ್ಲ.

ಹೈಲೈಟ್ ಮಾಡಿಸಿದ್ದು ಹೋದ ವರ್ಷ ತಮ್ಮನ ಮದುವೆಗೆ, ಬೆಂಗಳೂರಿನ ಒಂದು ದೊಡ್ಡ ಸಲೂನಿನಲ್ಲಿ. ಅಲ್ಲಿನ ಹುಡುಗ ಮಾತಿಗೊಮ್ಮೆ ಮೇಡಂ ಅಂದ, ಕಾಫಿ ಕೊಟ್ಟ, ಆದರೆ ಏನನ್ನೂ ಕೇಳಲಿಲ್ಲ. ಮೊದಲ ತಿಂಗಳು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನಮ್ಮನೆ ಬೋರಿನ ನೀರು, ದಾವಣಗೆರೆ ಬಿಸಿಲು, ವಾರಕ್ಕೆ ಮೂರು ಸಲ ಶಾಂಪೂ. ಜೇನಿನ ಬಣ್ಣದ ಎಳೆಗಳು ಕಿತ್ತಳೆಗೆ ತಿರುಗಿದವು. ಪಕ್ಕದ ಮನೆಯವರು "ಏನ್ರೀ, ತಲೆ ಖಾರ ಮಂಡಕ್ಕಿ ಆಗೈತಲ್ರೀ" ಅಂದರು. ಹೋಲಿಕೆ ಸರಿಯಾಗಿತ್ತು, ಅದಕ್ಕೇ ಜಾಸ್ತಿ ಸಿಟ್ಟು ಬಂತು.

ನಾನೇ ಸರಿ ಮಾಡ್ತೀನಿ ಅಂತ ಅಂಗಡಿಯಿಂದ ಬೂದು ಛಾಯೆಯ ಕಂದು ಬಣ್ಣದ ಡಬ್ಬಿ ತಂದೆ. ಪುಣ್ಯಕ್ಕೆ ಮುಂದಿನ ಒಂದೇ ಎಳೆಗೆ ಹಚ್ಚಿದೆ. ಕೋಣೆಯೊಳಗೆ ಕಂದು, ಅಂಗಳಕ್ಕೆ ಬಂದರೆ ಹಸಿರು. ತೊಟ್ಟಿಯ ಪಾಚಿಯ ಹಸಿರು. ಆಫೀಸಿನ ಗೆಳತಿಯೊಬ್ಬಳು "ಸುಮ್ನೆ ಮೆಹೆಂದಿ ಹಚ್ಚು" ಅಂದಳು. ಅವಳು ಜ್ವರಕ್ಕೂ ಮೆಹೆಂದಿ ಹಚ್ಚು ಅನ್ನುವವಳು.

ಹಸಿರು ಯಾಕಾಯಿತು ಅಂತ ಕೇಳಿದ್ದಕ್ಕೆ ಪಾರ್ಲರ್ ಹುಡುಗಿ ಗೋಡೆ ತೋರಿಸಿದಳು. ಹೈಲೈಟಿಗೆ ಹಾಕುವ ಬ್ಲೀಚು ಕೂದಲೊಳಗಿನ ಬಣ್ಣವನ್ನು ಮುಚ್ಚುವುದಿಲ್ಲ, ಸುಟ್ಟೇ ಬಿಡುತ್ತದೆ. ನಮ್ಮಂಥ ಕೂದಲು ಕಂದು ಬಿಟ್ಟು ಕೆಂಪಾಗಿ, ಕಿತ್ತಳೆಯಾಗಿ, ಕೊನೆಗೆ ಹಳದಿಗೆ ನಿಲ್ಲುತ್ತದೆ. ಬೂದು ಛಾಯೆ ಅಂದರೆ ಒಳಗೆ ನೀಲಿ, ಹಸಿರು. ಹಳದಿಯ ಮೇಲೆ ನೀಲಿ ಬಿದ್ದರೆ ಏನಾಗುತ್ತೆ ಅಂತ ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. "ಸುಣ್ಣ ಉದುರಿದ ಗೋಡೆಗೆ ಪ್ರೈಮರ್ ಇಲ್ದೆ ಪೇಂಟ್ ಹೊಡೀತೀರಾ? ಮೊದ್ಲು ತಾಮ್ರದ ಬಣ್ಣ ತುಂಬಬೇಕು. ಅದ್ರ ಮೇಲೆ ಕಂದು." ಮೆಹೆಂದಿಯ ಮಾತೆತ್ತಿದಾಗ ಮಾತ್ರ ಅವಳ ಸ್ವರ ಏರಿತು. ಬ್ಲೀಚ್ ಆದ ಕೂದಲಿಗೆ ಮೆಹೆಂದಿ ಹಚ್ಚಿದರೆ ಇನ್ನೂ ಕಿತ್ತಳೆ. ಕೆಲವು ಪ್ಯಾಕೆಟ್‌ಗಳಲ್ಲಿ ಲೋಹದ ಲವಣ ಬೆರೆಸಿರುತ್ತಾರಂತೆ, ಮುಂದೆ ಡೆವಲಪರ್, ಅಂದ್ರೆ ಬಣ್ಣಕ್ಕೆ ಕಲಸುವ ಪೆರಾಕ್ಸೈಡ್ ದ್ರವ, ತಾಗಿದರೆ ಕೂದಲು ಬಿಸಿಯಾಗಿ ತುಂಡಾಗುವುದೂ ಉಂಟಂತೆ.

ಇಷ್ಟು ಹೇಳಿ ನನ್ನ ಬೈತಲೆ ಬಿಡಿಸಿದಳು. ಸ್ವಲ್ಪ ಹೊತ್ತು ಮಾತಿಲ್ಲ.

"ಹೊಸದಾಗಿ ಬಂದಿರೋದ್ರಲ್ಲಿ ಬಿಳೀನೂ ಐತಲ್ರಿ ಅಕ್ಕಾ. ಇದ್ನೇ ಅಸಲಿ ಅನ್ನಾಣ? ಇಲ್ಲ, ಮೊದ್ಲಿಂದು ಬೇಕಾ?"

ತಮಾಷೆಗೆ ಕೇಳಿದ್ದಲ್ಲ. ಯಾವುದಕ್ಕೆ ಮ್ಯಾಚ್ ಮಾಡಬೇಕು ಅನ್ನುವುದಷ್ಟೇ ಅವಳ ಚಿಂತೆ. ಬಟ್ಟೆ ಅಂಗಡಿಯಲ್ಲಿ ಬ್ಲೌಸ್ ಪೀಸು ಯಾವ ಸೀರೆಗೆ ಅಂತ ಕೇಳುವ ಹಾಗೆ. ನನಗೆ ಉತ್ತರ ಹೊಳೆಯಲಿಲ್ಲ. ವಾಪಸ್ ಹೋಗಬೇಕು ಅಂತ ಹೊರಟು ಬಂದವಳಿಗೆ ಎಲ್ಲಿಗೆ ವಾಪಸ್ ಅಂತ ಯಾರೂ ಕೇಳಿರಲಿಲ್ಲ. ತಮ್ಮನ ಮದುವೆಗೆ ಮುಂಚಿನ ದಿನಕ್ಕಾ? ಆಗಲೂ ಒಂದೆರಡು ಬಿಳಿ ಇದ್ದವು, ಕಿತ್ತು ಬಿಸಾಡುತ್ತಿದ್ದೆ. ಕಾಲೇಜಿನ ದಿನಕ್ಕಾ? ಆಗ ಬಿಸಿಲಲ್ಲಿ ತುದಿ ಕೆಂಪಾಗುತ್ತೆ ಅಂತ ಅಜ್ಜಿ ಹರಳೆಣ್ಣೆ ಬಳಿದು ಎರಡು ಜಡೆ ಬಿಗಿಯುತ್ತಿದ್ದಳು. ಆ ಎಣ್ಣೆಯ ಕಪ್ಪನ್ನೇ ನಾನು ಇಷ್ಟು ವರ್ಷ ನನ್ನ ಕಪ್ಪು ಅಂದುಕೊಂಡೆನಾ?

ಅವತ್ತು ಬಣ್ಣ ಹಚ್ಚಲೇ ಇಲ್ಲ. ಕಿವಿಯ ಹಿಂದೆ ಒಂದು ಚುಕ್ಕೆ ಇಟ್ಟು, ತುರಿಕೆ, ಉರಿ ಬರುತ್ತಾ ಅಂತ 48 ಗಂಟೆ ನೋಡಿ, ಶನಿವಾರ ಬನ್ನಿ ಅಂದಳು. ಒಂದು ಚುಕ್ಕೆಗೆ ಹೋಗಿ ಬರೋ ಆಟೋ ಚಾರ್ಜು. ಹೊರಡುವಾಗ ಬಾಗಿಲ ಹತ್ತಿರ "ಕಾಯೋಕೆ ಆಗೋದಾದ್ರೆ ಏನೂ ಹಚ್ಚಬ್ಯಾಡ್ರಿ, ಬೆಳೆಯೋಕೆ ಬಿಟ್ಟು ತುದಿ ಕತ್ತರಿಸ್ತಾ ಹೋಗ್ರಿ. ಅದ್ರಷ್ಟು ಒಳ್ಳೇದು ಯಾವ್ದೂ ಇಲ್ಲ" ಅಂದಳು. ಗಿರಾಕಿಯನ್ನು ಹೀಗೆ ಕಳಿಸುವವರು ಉದ್ಧಾರ ಆಗೋದುಂಟಾ? ಆಟೋದಲ್ಲಿ ಕೂತು ಲೆಕ್ಕ ಹಾಕಿದೆ. ಕೂದಲು ಬೆಳೆಯೋದು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ನನ್ನದು ಮೂವತ್ತೈದು ಇದೆ. ಹತ್ತಿರ ಹತ್ತಿರ ಮೂರು ವರ್ಷ ಖಾರ ಮಂಡಕ್ಕಿ.

ಅಮ್ಮನಿಗೆ ಎಲ್ಲಾ ಹೇಳಿದೆ. ಅವಳು ಎದ್ದು ಹೋಗಿ ಬಚ್ಚಲಿನ ಗೂಡಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದಳು. ಒಳಗೆ ನಾನು ಬಾಚಿದಾಗ ಉದುರಿದ ಕೂದಲಿನ ಉಂಡೆಗಳು. ಕೂದಲಿಗೆ ಪಾತ್ರೆ ಕೊಡುವವನು ಬರುತ್ತಾನಲ್ಲ, ಅವನಿಗೆ ಅಂತ ಕೂಡಿಟ್ಟದ್ದು. ಮೇಲಿನವು ಕಿತ್ತಳೆ ಬೆರೆತವು. ಕೆಳಗೆ ಕೈ ಹಾಕಿದ ಹಾಗೆ ಹಳೆಯವು. ತಳದ ಒಂದು ಉಂಡೆ ಬಿಡಿಸಿ ಬಾಗಿಲ ಬೆಳಕಿಗೆ ಹಿಡಿದೆ. ಒಣಗಿದ ಹುಣಸೆಹಣ್ಣಿನ ಬಣ್ಣ. ಅದರಲ್ಲೂ ಒಂದು ಬಿಳಿ ಎಳೆ ಸುತ್ತಿಕೊಂಡಿತ್ತು.

"ನಿಂದು ಯಾವತ್ತೂ ಕಪ್ಪಿರ್ಲಿಲ್ಲ" ಅಂದಳು ಅಮ್ಮ. "ನಿಮ್ಮಪ್ಪನ ಕಡೆಯವ್ರ ಕೂದ್ಲು." ಅದರಲ್ಲೂ ಒಂದು ಚುಚ್ಚು ಇತ್ತು, ಬಿಡಿ.

ಶನಿವಾರ ಆ ಉಂಡೆ ಕಾಗದದಲ್ಲಿ ಸುತ್ತಿಕೊಂಡು ಹೋದೆ. ಹುಡುಗಿಗೆ ಅಸಹ್ಯವೇನೂ ಆಗಲಿಲ್ಲ. ಕಾರ್ಡಿನ ಪಕ್ಕ ಇಟ್ಟು "ಮೂರು" ಅಂದಳು. ಆದರೆ ಕಲಸಿದ್ದು ನಾಲ್ಕು. ಬ್ಲೀಚ್ ಆದ ಕೂದಲು ಸ್ಪಂಜಿನ ಹಾಗೆ, ಹೀರಿಕೊಂಡು ಒಂದು ಶೇಡ್ ಕಪ್ಪಾಗಿಯೇ ಕಾಣುತ್ತದಂತೆ. ಅಮೋನಿಯಾ ಇಲ್ಲದ ಡೆಮಿ ಪರ್ಮನೆಂಟ್, ಅಂದ್ರೆ ತೊಳೆದ ಹಾಗೆ ನಿಧಾನಕ್ಕೆ ಬಿಡುವ ಬಣ್ಣ, ಡೆವಲಪರ್ ಮೂರು ಪರ್ಸೆಂಟಿನದು. ಬಿಳಿ ಕೂದಲು ಇದರಲ್ಲಿ ಪೂರ್ತಿ ಮುಚ್ಚುವುದಿಲ್ಲ, ಮುಚ್ಚಬೇಕಾದರೆ ಆರು ಪರ್ಸೆಂಟ್ ಹಾಕಬೇಕು ಅಂದಳು. ಬೇಡ ಅಂದೆ. ಯಾಕೆ ಬೇಡ ಅಂದೆನೋ, ಆ ಉಂಡೆಯ ಬಿಳಿ ಎಳೆ ಕಣ್ಣಲ್ಲಿತ್ತು ಅಂತ ಕಾಣುತ್ತೆ.

ಮೊದಲು ಒಂದೇ ಎಳೆಗೆ ಹಚ್ಚಿ ನೋಡಿದಳು. ಆಮೇಲೆ ಬೇರು ಬಿಟ್ಟು, ಹೈಲೈಟ್ ಇದ್ದ ಎಳೆಗಳನ್ನಷ್ಟೇ ಹೆಕ್ಕಿ ಹೆಕ್ಕಿ ತಾಮ್ರ ತುಂಬಿದಳು. ಕನ್ನಡಿಯಲ್ಲಿ ನಾನು ಪೂರ್ತಿ ನರಿ. ಅದರ ಮೇಲೆ ಕಂದು ಬಂತು. ಎರಡೂವರೆ ಗಂಟೆ ಹಿಡಿಯಿತು. ಮೂರು ದಿನ ತಲೆಗೆ ನೀರು ಬೇಡ, ಆಮೇಲೆ ಬಿಸಿ ನೀರು ಬೇಡ, ಸಲ್ಫೇಟ್ ಇಲ್ಲದ ಶಾಂಪೂ, ಕೊನೆಯ ಒಂದು ಚೊಂಬು ಫಿಲ್ಟರ್ ನೀರು, ತೊಳೆಯುವ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ. ಎಣ್ಣೆಯ ಮಾತನ್ನು ಅಮ್ಮನೂ ಮೂವತ್ತು ವರ್ಷದಿಂದ ಹೇಳುತ್ತಿದ್ದಾಳೆ, ಕೇಳಿದವರಾರು! ಮನೆಗೆ ಬಂದು ಹುಡುಕಿದರೆ 2003ರ ಒಂದು ಅಧ್ಯಯನ ಸಿಕ್ಕಿತು. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹಚ್ಚಿ ನೋಡಿದ್ದರಲ್ಲಿ ಕೂದಲಿನ ಪ್ರೋಟೀನ್ ನಷ್ಟ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಅಮ್ಮನಿಗೆ ಹೇಳಲಿಲ್ಲ.

ಈ ಬಣ್ಣವೂ ನಿಲ್ಲುವುದಿಲ್ಲ. ಇಪ್ಪತ್ತು ಇಪ್ಪತ್ತೈದು ಸ್ನಾನಕ್ಕೆ ತೆಳುವಾಗುತ್ತದೆ, ಮತ್ತೆ ಹೋಗಬೇಕು. ಆ ಉಂಡೆ ಜೋಪಾನವಾಗಿ ಇಟ್ಟುಕೊಳ್ಳಿ ಅಂದಿದ್ದಾಳೆ. ಪುಸ್ತಕದ ಕಪಾಟಿನಲ್ಲಿ ಇಟ್ಟಿದ್ದೇನೆ.

ಇವತ್ತು ಬೆಳಿಗ್ಗೆ ಕೂದಲಿನವನು ಬಂದ. ಅಮ್ಮ ಕವರ್ ಸುರಿದಳು. ಅವನು ಕೂತು ಕಂದು ಉಂಡೆ ಒಂದು ಕಡೆ, ಕಿತ್ತಳೆ ಉಂಡೆ ಇನ್ನೊಂದು ಕಡೆ ಮಾಡತೊಡಗಿದ. "ಇವು ಯಾರ್ವಮ್ಮ, ಬ್ಯಾರೇರ್ವಾ?" ಅಂದ.

"ಎಲ್ಲಾ ಒಂದೇ ತಲೇವು. ತೂಕ ಹಾಕಪ್ಪ ನೀನು" ಅಂದಳು ಅಮ್ಮ.