ಬೇಸಿಗೆಯಲ್ಲಿ ಹಾವಸೆಗೆ ಅರ್ಧ ನೀರು ಬೇಡ

ಮಲೆನಾಡಿನಲ್ಲಿ ಕುಳಿತು ಹಾವಸೆ ಬೆಳೆಸುತ್ತೇನೆ ಎಂದರೆ ಕೇಳಿದವರು ಒಮ್ಮೆ ಮುಖ ನೋಡುತ್ತಾರೆ. ಇಲ್ಲಿ ಎಲ್ಲರೂ ಅದನ್ನು ಕೆರೆದು ತೆಗೆಯುವವರೇ. ಆರಿದ್ರಾ ಮಳೆ ಹಿಡಿಯಿತೆಂದರೆ ಅಂಗಳ ಜಾರುತ್ತದೆ, ಕೊಟ್ಟಿಗೆಯ ದಾರಿ ಜಾರುತ್ತದೆ, ಬಾವಿಕಟ್ಟೆ ಜಾರುತ್ತದೆ. ಅಡಿಕೆ ದಬ್ಬೆ ಹಾಸಿಕೊಂಡು ಅದರ ಮೇಲೆ ನಡೆಯುತ್ತೇವೆ, ಇಲ್ಲವೇ ಬ್ಲೀಚಿಂಗ್ ಪುಡಿ ಎರಚುತ್ತೇವೆ. "ಕಾಲು ಮುರಿಯುವುದನ್ನು ಯಾರಾದರೂ ಸಾಕುತ್ತಾರೇನೇ?" ಎಂದು ನಮ್ಮ ಅತ್ತೆಯವರು ಈಗಲೂ ಕೇಳುತ್ತಾರೆ. ಅವರ ಭಯ ನ್ಯಾಯವಾದದ್ದೇ. ಆದರೆ ಅಂಗಳದಲ್ಲಿ ಕಾಲು ಜಾರಿಸುವ ಆ ಕಪ್ಪು ಹಸಿರು ಲೋಳೆ ಹೆಚ್ಚಾಗಿ ಪಾಚಿ. ನಾನು ಸಾಕುವುದು ಎಲೆ, ಕಾಂಡ ಇರುವ ಪುಟ್ಟ ಗಿಡಗಳನ್ನು, ಇಂಗ್ಲಿಷಿನಲ್ಲಿ ಮಾಸ್ ಎನ್ನುವುದನ್ನು. ಆದರೂ ಒದ್ದೆ ಹಾವಸೆಯ ಮೇಲೂ ಕಾಲಿಡುವುದು ಕ್ಷೇಮವಲ್ಲ, ಆದ್ದರಿಂದ ನಮ್ಮಲ್ಲಿ ಒಂದು ಒಪ್ಪಂದವಿದೆ: ಜನ ನಡೆಯುವ ಜಾಗವೆಲ್ಲ ಅತ್ತೆಯವರದು, ಮನೆಯ ಬಡಗಣ ಮಗ್ಗುಲಿನ ಜಂಬಿಟ್ಟಿಗೆ ಪಾಗಾರ, ಅದರ ಬುಡದ ನೆಲ ಮತ್ತು ಹಳೆಯ ಕಲ್ಲಿನ ದೋಣಿ ನನ್ನವು.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆಯ ದಿಕ್ಕಿನ ಹಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಇಷ್ಟು ಮಳೆಯ ಸೀಮೆಯಲ್ಲಿ ಹಾವಸೆಗೆ ಆರೈಕೆ ಏಕೆ ಬೇಕು ಎಂಬ ಪ್ರಶ್ನೆ ಬರುವುದು ಸಹಜ. ಮಳೆಯೆಲ್ಲ ಬೀಳುವುದು ವರ್ಷದ ಒಂದು ಭಾಗದಲ್ಲಿ. ಶಿವರಾತ್ರಿ ಕಳೆದ ಮೇಲೆ ಬಿಸಿಲಿಗೆ ಜಂಬಿಟ್ಟಿಗೆ ಕಾದು ಕೂರುತ್ತದೆ. ಹಾವಸೆ ಉಳಿಯುವುದು ಅಥವಾ ಸಾಯುವುದು ತೀರ್ಮಾನವಾಗುವುದು ಆ ತಿಂಗಳುಗಳಲ್ಲಿ, ಮಳೆಗಾಲದಲ್ಲಿ ಅಲ್ಲ. ಈ ಬರಹ ಮುಖ್ಯವಾಗಿ ಅದಕ್ಕಾಗಿಯೇ.

ಹಾವಸೆಗೆ ನಿಜವಾದ ಬೇರಿಲ್ಲ. ಕೆಳಗೆ ಕಾಣುವ ಕಂದು ಎಳೆಗಳು ಹಿಡಿದು ನಿಲ್ಲುವುದಕ್ಕೆ, ನೆಲದಿಂದ ನೀರೆತ್ತುವ ಕೆಲಸ ಅವುಗಳಿಂದ ಹೆಚ್ಚೇನೂ ಆಗುವುದಿಲ್ಲ. ಹೆಚ್ಚಿನ ಜಾತಿಗಳಲ್ಲಿ ಎಲೆಯ ದಪ್ಪ ಒಂದೇ ಜೀವಕೋಶದಷ್ಟು. ನೀರು, ಲವಣ ಎಲ್ಲವೂ ಎಲೆಯ ಮೂಲಕವೇ ನೇರವಾಗಿ ಒಳಗೆ ಹೋಗುತ್ತವೆ. ಬಂದಷ್ಟೇ ಸುಲಭವಾಗಿ ನೀರು ಹೊರಗೂ ಹೋಗುತ್ತದೆ. ಬಿಸಿಲಿಗೆ ಎಲೆಗಳು ಮುದುಡಿ, ತಿರುಚಿಕೊಂಡು, ಇಡೀ ಹಾಸು ಕಂದು ಬಣ್ಣಕ್ಕೆ ತಿರುಗಿದಾಗ ನೋಡಿದವರು ಸತ್ತಿತು ಎನ್ನುತ್ತಾರೆ. ಗೋಡೆಯ ಹಾವಸೆ ಹಾಗೆಲ್ಲ ಸಾಯುವುದಿಲ್ಲ. ಜೀವವ್ಯಾಪಾರವನ್ನು ನಿಲ್ಲಿಸಿ ಕಾಯುತ್ತದೆ. ಅಶ್ವಿನಿ ಮಳೆಯ ಮೊದಲ ಹನಿಗಳು ಬಿದ್ದ ಕೆಲವೇ ನಿಮಿಷಗಳಲ್ಲಿ ಎಲೆ ಬಿಚ್ಚಿ ಹಸಿರಾಗುತ್ತದೆ. ಪ್ರತಿ ವರ್ಷ ನೋಡಿದರೂ ನನಗೆ ಅದು ಹೊಸದೇ.

ತೊಂದರೆ ಇರುವುದು ನಮ್ಮ ಕರುಣೆಯಲ್ಲಿ. ಒಣಗಿದ್ದನ್ನು ಕಂಡು ಮನಸ್ಸು ತಡೆಯದೆ ಮಧ್ಯಾಹ್ನ ಒಂದು ಚೊಂಬು ನೀರು ಚಿಮುಕಿಸುತ್ತೇವೆ. ಹಾವಸೆ ಏಳುತ್ತದೆ. ಎದ್ದ ಕೂಡಲೇ ಅದು ಮಾಡುವ ಕೆಲಸ ಊಟವಲ್ಲ, ರಿಪೇರಿ. ಒಣಗಿದಾಗ ಜೀವಕೋಶಗಳಿಗೆ ಆದ ಹಾನಿಯನ್ನು ಸರಿಪಡಿಸಲು ಕೂಡಿಟ್ಟ ಸಕ್ಕರೆಯನ್ನು ಉರಿಸುತ್ತದೆ. ಆ ಖರ್ಚು ಮುಗಿದು, ಬೆಳಕಿನಲ್ಲಿ ಹೊಸದಾಗಿ ಆಹಾರ ತಯಾರಿಸಿ ಲಾಭಕ್ಕೆ ಬರಬೇಕಾದರೆ ಸಾಕಷ್ಟು ಹೊತ್ತು ಒದ್ದೆಯಾಗಿಯೇ ಇರಬೇಕು. ಚಿಮುಕಿಸಿದ ನೀರು ಅಷ್ಟರೊಳಗೆ ಆರಿ ಹೋಗಿರುತ್ತದೆ. ಮರುದಿನ ಮತ್ತೆ ಚಿಮುಕಿಸುತ್ತೇವೆ, ಮತ್ತೆ ನಷ್ಟ. ಹೀಗೆ ದಿನವೂ ಎಬ್ಬಿಸಿ ಉಪವಾಸ ಕೆಡವಿದರೆ ಯಾವ ಹಾವಸೆಯೂ ಬೇಸಿಗೆ ದಾಟುವುದಿಲ್ಲ. ಪೂರ್ತಿ ಒಣಗಿಸಿ ಬಿಟ್ಟಿದ್ದರೆ ಬದುಕುತ್ತಿತ್ತು.

ಆದ್ದರಿಂದ ಪಾಗಾರದ ಹಾವಸೆಗೆ ಶಿವರಾತ್ರಿಯಿಂದ ಮೊದಲ ಮಳೆಯವರೆಗೆ ನಾನು ಒಂದು ಹನಿಯನ್ನೂ ಕೊಡುವುದಿಲ್ಲ. ಕೈ ಕಟ್ಟಿಕೊಂಡು ಇರುವುದು ಕಷ್ಟ, ಆದರೂ ಕೊಡುವುದಿಲ್ಲ. ಹಸಿರಾಗಿಯೇ ಇಡಬೇಕು ಎನ್ನುವವರು ಬೆಳಗಿನ ಜಾವ ನೀರು ಕೊಡಿ, ಅದೂ ಕೆಳಗಿನ ಮಣ್ಣು ಅಥವಾ ಕಲ್ಲು ಕುಡಿದು ತಣಿಯುವಷ್ಟು. ನೆರಳಿದ್ದು, ಕನಿಷ್ಠ ಹೊತ್ತು ನೆತ್ತಿಗೇರುವವರೆಗೆ ಪಸೆ ನಿಲ್ಲಬೇಕು. ಸಂಜೆಯ ನೀರು ಒಳ್ಳೆಯದೆಂದು ಬಹಳ ಜನ ಭಾವಿಸುತ್ತಾರೆ. ಸೆಕೆಗಾಲದ ರಾತ್ರಿಯಲ್ಲಿ ಒದ್ದೆಯಾಗಿರುವ ಹಾವಸೆ ಬೆಳಕಿಲ್ಲದೆ ಬರೀ ಉಸಿರಾಡುತ್ತಾ ಕೂಡಿಟ್ಟದ್ದನ್ನು ಕಳೆಯುತ್ತದೆ. ಬೆಳಗಾಗುವ ಹೊತ್ತಿಗೆ ಒಣಗಿಯೂ ಬಿಟ್ಟರೆ ಅದಕ್ಕೆ ಸಿಕ್ಕಿದ್ದು ಏನೂ ಇಲ್ಲ.

ಇದೆಲ್ಲ ಗೋಡೆ, ಬಂಡೆ, ಹೆಂಚಿನ ಮೇಲೆ ಬರುವ ಜಾತಿಗಳ ಮಾತು. ಹಳ್ಳದ ಅಂಚಿನಲ್ಲಿ ಬರುವ ಫಿಸಿಡೆನ್ಸ್ ಎಂಬ ಚಪ್ಪಟೆ ಗರಿಯಂತಹ ಹಾವಸೆಗೆ ಈ ಸೈರಣೆ ಅಷ್ಟಿಲ್ಲ. ಅದನ್ನು ಕಲ್ಲಿನ ದೋಣಿಯಲ್ಲಿ, ಸದಾ ನೀರಿನ ಪಸೆಯ ಪಕ್ಕದಲ್ಲಿ ಇಟ್ಟಿದ್ದೇನೆ. ಹಾವಸೆ ತರುವ ಮುಂಚೆ ಅದು ಎಲ್ಲಿ ಬೆಳೆದಿತ್ತೆಂದು ನೋಡಿಕೊಳ್ಳುವುದು ಬಹಳ ಮುಖ್ಯ. ಹೊಸದಾಗಿ ಕಡಿದ ಧರೆಯಲ್ಲಿ, ಅಂದರೆ ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆಯಲ್ಲಿ, ಪುಟಾಣಿ ಸಸಿಗಳ ಮಡಿಯಂತೆ ನಿಲ್ಲುವ ಪೊಗೊನೇಟಮ್ ಕೆಮ್ಮಣ್ಣನ್ನೇ ಬಯಸುತ್ತದೆ, ಕಲ್ಲಿಗೆ ಒಗ್ಗುವುದಿಲ್ಲ. ಹಳೆಯ ಸಿಮೆಂಟು ಗೋಡೆಯ ಮೇಲಿನ ಹಯೋಫಿಲಾ ಸುಣ್ಣದ ಅಂಶವನ್ನು ತಡೆಯುತ್ತದೆ, ಆದ್ದರಿಂದ ಪೇಟೆಯ ಮನೆಗಳಿಗೆ ಅದೇ ಸರಿ. ಬೆಳ್ಳಿಯ ಹೊಳಪಿನ ಬ್ರಯಮ್ ಅರ್ಜೆಂಟಿಯಮ್ ಪೇಟೆಯ ಕಾಲುದಾರಿಯ ಕಲ್ಲುಸಂದಿಗಳಲ್ಲೂ ಬದುಕುವ ಗಟ್ಟಿ ಜೀವ. ತೆಂಗಿನ ಕಾಂಡದ ಮೇಲಿನ ಬಿಳಿಚು ಹಸಿರಿನ ಆಕ್ಟೋಬ್ಲೆಫಾರಮ್ ನನಗೆ ಬಹಳ ಇಷ್ಟ, ಆದರೆ ಅದನ್ನು ಅದರ ಮರದಲ್ಲೇ ನೋಡಿ ಸಂತೋಷಪಡುತ್ತೇನೆ.

ನಾಟಿಯ ಕಾಲದ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಮಳೆಗಾಲದ ಆರಂಭದಲ್ಲಿ ಹಾಕಿ ಎನ್ನುವುದು ರೂಢಿ. ನಮ್ಮಲ್ಲಿ ಆರಿದ್ರಾ, ಪುನರ್ವಸುವಿನ ಮಳೆ ಸುರಿಯುವ ರಭಸಕ್ಕೆ ಬಿಡಿ ಹಾವಸೆ ನಿಲ್ಲುವುದಿಲ್ಲ, ಕೊಚ್ಚಿ ಚರಂಡಿ ಸೇರುತ್ತದೆ. ಇಡಿಯಾದ ಹಾಸನ್ನು ಎಬ್ಬಿಸಿ ತಂದಿದ್ದರೆ ಜೂನ್‌ನಲ್ಲಿ ಹಾಕಬಹುದು, ನೂಲಿನಿಂದ ಕಲ್ಲಿಗೆ ಬಿಗಿಯಬೇಕು. ಪುಡಿ ಮಾಡಿ ಬಿತ್ತುವುದಾದರೆ ಉತ್ತರಾ, ಹಸ್ತಾ ಮಳೆಗಳಿಗಾಗಿ ಕಾಯುವುದೇ ಸರಿ. ಆಗ ಮಳೆ ಮೆದುವಾಗಿರುತ್ತದೆ, ಹಿಂದೆಯೇ ಇಬ್ಬನಿಯ ಕಾಲ ಬರುತ್ತದೆ. ಒಣಗಿದ ಹಾವಸೆಯನ್ನು ಅಂಗೈಯಲ್ಲಿ ಹೊಸಕಿ, ಹದ ಮಾಡಿ ತಟ್ಟಿದ ನೆಲದ ಮೇಲೆ ತೆಳುವಾಗಿ ಉದುರಿಸಿ, ಅಂಗೈಯಿಂದಲೇ ಒತ್ತುತ್ತೇನೆ. ಎಲೆಯ ಚೂರಿನಿಂದಲೂ ಹೊಸ ಗಿಡ ಚಿಗುರುವ ಶಕ್ತಿ ಹಾವಸೆಗಿದೆ. ನೆಲಕ್ಕೂ ಅದಕ್ಕೂ ನಡುವೆ ಗಾಳಿ ಉಳಿಯದಂತೆ ಒತ್ತುವುದೇ ನಾಟಿಯ ಮುಖ್ಯ ಕೆಲಸ. ಮಜ್ಜಿಗೆಯಲ್ಲಿ ರುಬ್ಬಿ ಬಳಿಯುವ ವಿಧಾನ ಎಲ್ಲೆಡೆ ಓಡಾಡುತ್ತಿದೆ. ಮಜ್ಜಿಗೆಯಿಂದ ಬರುವುದು ಬೂಷ್ಟು. ಮಳೆನೀರೇ ಸಾಕು. ಗೊಬ್ಬರ, ಸಗಣಿನೀರು, ಜೀವಾಮೃತ ಯಾವುದೂ ಬೇಡ. ಅವನ್ನು ಹಾಕಿದರೆ ಪಾಚಿ ಮತ್ತು ಹುಲ್ಲು ಕೊಬ್ಬಿ ಹಾವಸೆಯನ್ನು ಮುಚ್ಚುತ್ತವೆ.

ಇನ್ನು ತಾಮ್ರದ ವಿಷಯ. ಅಡಿಕೆ ತೋಟವಿರುವ ಮನೆಯವರು ಇದನ್ನು ಗಮನಿಸಲೇಬೇಕು. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದಲ್ಲಿರುವ ತಾಮ್ರ ಶಿಲೀಂಧ್ರಕ್ಕೆ ಎಷ್ಟು ವಿಷವೋ ಹಾವಸೆಗೂ ಅಷ್ಟೇ. ಎಲೆಯ ಮೇಲೆ ಮೇಣದ ರಕ್ಷಣೆ ಹೆಚ್ಚಿಲ್ಲದ್ದರಿಂದ ಬಿದ್ದದ್ದೆಲ್ಲ ಒಳಗೆ ಹೋಗುತ್ತದೆ. ಮಳೆಗಾಲದ ಮೊದಲ ಔಷಧಿ, ಅದಾಗಿ 40-45 ದಿನಕ್ಕೆ ಎರಡನೆಯದು, ಎರಡೂ ಸಲ ನಮ್ಮ ಮನೆಯವರು ಮುಂಚಿತವಾಗಿ ನನಗೆ ಹೇಳುತ್ತಾರೆ, ನಾನು ಪಾಗಾರದ ಮೇಲೆ ಟಾರ್ಪಾಲು ಎಳೆಯುತ್ತೇನೆ. ಗಾಳಿಯಲ್ಲಿ ತೇಲಿ ಬರುವ ಹನಿಗೆ ಅಷ್ಟು ಸಾಕು. ಅಡಿಕೆ ಮರದ ನೇರ ಕೆಳಗೆ ಮಾತ್ರ ಹಾವಸೆಯ ಆಸೆ ಇಟ್ಟುಕೊಳ್ಳಬೇಡಿ, ಹೆಡೆಯಿಂದ ಔಷಧಿ ತೊಳೆದು ಇಳಿಯುತ್ತಲೇ ಇರುತ್ತದೆ. ತೋಟವನ್ನು ಕೊಳೆಗೆ ಬಿಟ್ಟು ಹಾವಸೆ ಉಳಿಸಿ ಎಂದು ಯಾರಿಗೂ ಹೇಳಲಾರೆ, ನಮ್ಮ ಜೀವನ ನಡೆಯುವುದೇ ಅಡಿಕೆಯಿಂದ. ಸತುವಿನ ಲೇಪವಿರುವ ತಗಡಿನ ಸೂರುನೀರೂ ಹಾವಸೆಗೆ ಆಗುವುದಿಲ್ಲ. ಹಾಗಾಗಿ ಮಳೆನೀರನ್ನು ಹೆಂಚಿನ ಮಾಡಿನಿಂದ ಹಿಡಿದಿಡುತ್ತೇನೆ.

ದಿನದ ಕೆಲಸ ಹೆಚ್ಚಿಲ್ಲ. ಹಲಸಿನ ಎಲೆಗಳನ್ನು ಬಿದ್ದಂತೆ ಹೆಕ್ಕಬೇಕು, ಒಂದು ವಾರ ಮುಚ್ಚಿಕೊಂಡರೂ ಕೆಳಗೆ ಹಳದಿಯಾಗುತ್ತದೆ. ಒಂದೆಲಗ ನುಗ್ಗಿದರೆ ಎಳೆಯದಿರುವಾಗಲೇ ಕೀಳಬೇಕು, ಇನ್ನೊಂದು ಕೈಯಿಂದ ಹಾವಸೆಯನ್ನು ಒತ್ತಿ ಹಿಡಿದು. ಕೋಳಿ ಇದ್ದವರು ಬೇಲಿ ಹಾಕಲೇಬೇಕು.

ಜಪಾನಿನ ಕ್ಯೋಟೋದಲ್ಲಿರುವ ಸೈಹೋಜಿ ದೇವಾಲಯದ ಹಾವಸೆ ತೋಟದ ಚಿತ್ರ ನೋಡಿ ಅಂಥದ್ದು ಬೇಕು ಎನ್ನುವವರು ಇದ್ದಾರೆ. ಸುಮಾರು 120 ಬಗೆಯ ಹಾವಸೆಗಳ ಆ ತೋಟವನ್ನು 1339ರಲ್ಲಿ ಮುಸೋ ಸೊಸೆಕಿ ಎಂಬ ಝೆನ್ ಗುರು ರೂಪಿಸಿದಾಗ ಅಲ್ಲಿ ಈ ಹಾವಸೆಯ ಹಾಸು ಇರಲಿಲ್ಲ. ಶತಮಾನಗಳ ನಂತರ, ತೋಟವನ್ನು ನೋಡಿಕೊಳ್ಳುವವರಿಲ್ಲದ ಕಾಲದಲ್ಲಿ, ಅದು ತಾನಾಗಿ ಹಬ್ಬಿತು. ನಮ್ಮ ದೇಶದಲ್ಲೇ ನೋಡಬೇಕೆಂದರೆ ನೈನಿತಾಲ್ ಬಳಿಯ ಖುರ್ಪಾತಾಲ್‌ನಲ್ಲಿ ಉತ್ತರಾಖಂಡದ ಅರಣ್ಯ ಇಲಾಖೆ ಮಾಡಿರುವ ತೋಟವಿದೆ, 2020ರಲ್ಲಿ ತೆರೆದದ್ದು. ಕರ್ನಾಟಕದ ಘಟ್ಟದಲ್ಲೂ ಅಂಥದ್ದೊಂದು ಆಗಬೇಕೆಂಬುದು ನನ್ನ ಬಹುದಿನದ ಆಸೆ. ಇಲ್ಲಿ ಕೊರತೆ ಇರುವುದು ಹಾವಸೆಯದ್ದಲ್ಲ, ಅದನ್ನು ನಿಂತು ನೋಡುವ ಜಾಗದ್ದು.

ಬೆಂಗಳೂರಿನಲ್ಲಿರುವ ನನ್ನ ತಂಗಿ ಗಾಜಿನ ಭರಣಿಯಲ್ಲಿ ಬೆಳೆಸಿದ್ದಾಳೆ. ಅಲ್ಲಿಯವರಿಗೆ ದೊಡ್ಡ ಶತ್ರು ಕೊಳವೆಬಾವಿಯ ಗಡಸು ನೀರು. ಆರಿದ ಮೇಲೆ ಲವಣ ಎಲೆಯ ತುದಿಗಳಲ್ಲಿ ಬೆಳ್ಳಗೆ ಕೂರುತ್ತದೆ. ಶುದ್ಧೀಕರಣ ಯಂತ್ರದಿಂದ ಹೊರಹೋಗುವ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ಅನೇಕರಿಗಿದೆ, ಹಾವಸೆಗೆ ಅದು ಬೇಡವೇ ಬೇಡ, ಲವಣವೆಲ್ಲ ಉಳಿದಿರುವುದು ಅದರಲ್ಲೇ. ಭರಣಿಯನ್ನು ನೇರ ಬಿಸಿಲಿಗೆ ಇಡಬಾರದು, ಒಳಗೆ ಬೆಂದು ಹೋಗುತ್ತದೆ. ಕಚೇರಿಗಳ ಗೋಡೆಗೆ ಅಂಟಿಸುವ ಹಸಿರು ಹಾಸುಗಳಿಗೆ ನೀರೇ ಬೇಡ ಎಂದು ಮಾರುತ್ತಾರೆ. ಬೇಡ, ಏಕೆಂದರೆ ಅವುಗಳಲ್ಲಿ ಜೀವವಿಲ್ಲ. ಗ್ಲಿಸರಿನ್‌ನಲ್ಲಿ ನೆನೆಸಿ ಬಣ್ಣ ಹಾಕಿರುತ್ತಾರೆ, ಎಷ್ಟೋ ಸಲ ಅದು ಹಾವಸೆಯೂ ಅಲ್ಲ, ಉತ್ತರ ದೇಶಗಳ ಕಲ್ಲುಹೂವಿನ ಜಾತಿ.

ಕೊನೆಯದಾಗಿ, ಕಾಡಿನಿಂದ ಚೀಲಗಟ್ಟಲೆ ಎಬ್ಬಿಸಿ ತರುವುದನ್ನು ದಯವಿಟ್ಟು ಮಾಡಬೇಡಿ, ಮಾಡಿದವರಿಂದ ಕೊಳ್ಳಲೂ ಬೇಡಿ. ಘಟ್ಟದ ಧರೆಗಳಲ್ಲಿ ಸಡಿಲ ಮಣ್ಣಿನ ಮೇಲ್ಪದರವನ್ನು ಹಿಡಿದಿರುವುದು ಅದೇ. ಅಂಗೈಯಗಲ ತೆಗೆದ ಜಾಗ ಮತ್ತೆ ತುಂಬಲು ವರ್ಷಗಳು ಬೇಕು. ಮಳೆಗಾಲಕ್ಕೆ ಮುಂಚೆ ಮಾಡು ಕೆರೆಯುವಾಗ ಯಾರದಾದರೂ ಹೆಂಚಿನಿಂದ ಉದುರುವ ಒಣ ಹಾವಸೆಯೇ ಬುಟ್ಟಿಗಟ್ಟಲೆ ಸಿಗುತ್ತದೆ, ನನ್ನ ಪಾಗಾರದ್ದೂ ಬಹುಪಾಲು ಅದೇ. ಕೇಳಿದವರಿಗೆ ನಾನೂ ಒಣಗಿಸಿಯೇ ಕಳಿಸುತ್ತೇನೆ: ನೆರಳಲ್ಲಿ ಪೂರ್ತಿ ಆರಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಅಂಚೆಯಲ್ಲಿ. ಒದ್ದೆಯಾಗಿ ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ದಾರಿಯಲ್ಲೇ ಕೊಳೆಯುತ್ತದೆ, ಒಣಗಿದ್ದು ವಾರಗಟ್ಟಲೆ ಇದ್ದರೂ ಕೆಡುವುದಿಲ್ಲ. ತಲುಪಿದ ಮೇಲೆ ಹೆಂಚಿನ ಹಾವಸೆಯನ್ನು ಹೆಂಚಿಗೋ ಇಟ್ಟಿಗೆಗೋ ಹಾಕಿ, ಕುಂಡದ ಮಣ್ಣಿಗೆ ಬೇಡ.