ತನ್ನ ಆಟದ ಮೇಲೇ ರೊಕ್ಕ ಹಚ್ಚಿದವನಿಗೆ ದೊಡ್ಡ ಸನ್ಮಾನ ಕೊಡಬಹುದಾ?

"ತನ್ನ ಟೀಮೇ ಗೆಲ್ತದ ಅಂತ ರೊಕ್ಕ ಹಚ್ಚಿದ್ರ ತಪ್ಪೇನದ್ರಿ? ಸೋಲಬೇಕಂತ ಏನ್ ಆಡಿಲ್ಲಲ್ಲ?" ಐಪಿಎಲ್ ಶುರುವಾದರೆ ಸಾಕು, ಕಲಬುರಗಿಯ ಮೈದಾನಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಬೀದರ್, ಯಾದಗಿರಿ ಕಡೆಯ ಹುಡುಗರು ಕೇಳುವುದೂ ಇದನ್ನೇ. ಬೆನ್ನಿಗೇ ಇನ್ನೊಂದು ಪ್ರಶ್ನೆ: ಅಂಥವನಿಗೆ ಮಹಾನ್ ಆಟಗಾರರ ಪಟ್ಟಿಯಾದ ಹಾಲ್ ಆಫ್ ಫೇಮ್‌ನಂಥ ಗೌರವ ಸಲ್ಲುತ್ತದಾ?

ತಾನು ಆಡುವ ಅಥವಾ ಆಡಿಸುವ ಪಂದ್ಯದ ಮೇಲೆ ಹಚ್ಚಿದವನಿಗೆ ಬೇಡ, ಗೆಲುವಿನ ಮೇಲೆ ಹಚ್ಚಿದ್ದರೂ ಬೇಡ ಎಂಬುದು ನನ್ನ ಉತ್ತರ. ಬೇರೆಯವರ ಪಂದ್ಯದ ಮೇಲೆ ಹಚ್ಚಿ, ಸಿಕ್ಕಿಬಿದ್ದಾಗ ಒಪ್ಪಿಕೊಂಡು, ಶಿಕ್ಷೆ ಮುಗಿಸಿ ಬಂದವನಿಗೆ ಕೊಡಬಹುದು. ಇಬ್ಬರ ರನ್ನು, ವಿಕೆಟ್ಟೂ ದಾಖಲೆಯಲ್ಲಿ ಹಾಗೇ ಇರಲಿ. ಹೊಡೆದ ರನ್ನು ಅವನದು, ಸನ್ಮಾನ ಮಾತ್ರ ಆಟದ್ದು.

ನಮ್ಮ ಕಡೆ ಈ ಮಾತು ಬಂದರೆ ಪಕ್ಕದ ಹೈದರಾಬಾದಿನವರಾದ, ಭಾರತ ತಂಡದ ಮಾಜಿ ಕ್ಯಾಪ್ಟನ್ ಅಜರುದ್ದೀನ್ ಹೆಸರು ತೆಗೆಯುತ್ತಾರೆ. ಅದು ಬೇರೆ ಪ್ರಕರಣ. 2000ದ ಡಿಸೆಂಬರಿನಲ್ಲಿ ಬಿಸಿಸಿಐ ಹಾಕಿದ ಆಜೀವ ನಿಷೇಧ ಮ್ಯಾಚ್ ಫಿಕ್ಸಿಂಗ್ ಆರೋಪಕ್ಕೆ ಸಂಬಂಧಿಸಿದ್ದು. 2012ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಆ ನಿಷೇಧ ಕಾನೂನುಬಾಹಿರ ಎಂದಿತು. ಫಿಕ್ಸಿಂಗ್ ಮತ್ತು ಬೆಟ್ಟಿಂಗ್ ಎರಡನ್ನೂ ಐಸಿಸಿ ಸಂಹಿತೆಯೇ ಬೇರೆ ಮಾಡಿ ಇಟ್ಟಿದೆ. ಕಲಂ 2.1ರ ಫಿಕ್ಸಿಂಗ್‌ಗೆ ಕನಿಷ್ಠ 5 ವರ್ಷದಿಂದ ಆಜೀವದ ತನಕ ನಿಷೇಧ; 2.2ರ ಬೆಟ್ಟಿಂಗ್‌ಗೆ 1ರಿಂದ 5 ವರ್ಷ. ಗೆಲುವಿನ ಮೇಲೆ ಹಚ್ಚಿದರೆ ಮಾಫಿ ಎಂದು 2.2ರಲ್ಲಿ ಎಲ್ಲೂ ಇಲ್ಲ.

ಯಾಕಿಲ್ಲ ಎಂಬುದು ಬುಕ್ಕಿಯ ಲೆಕ್ಕ ನೋಡಿದರೆ ತಿಳಿಯುತ್ತದೆ. ಭಾವ (ದರ) 40–45 ಇದೆ ಅನ್ನಿ. ಫೇವರಿಟ್ ತಂಡ ಗೆಲ್ಲುತ್ತದೆಂದು 1,000 ರೂಪಾಯಿ ಹಚ್ಚಿದವನಿಗೆ, ಅಂದರೆ ಲಗಾಯಿ ಮಾಡಿದವನಿಗೆ, ತಂಡ ಗೆದ್ದರೆ 400 ಸಿಗುತ್ತದೆ. ಸೋಲುತ್ತದೆಂದು ಹಚ್ಚಿದವನಿಗೆ, ಅಂದರೆ ಖಾಯಿ ಮಾಡಿದವನಿಗೆ, ಆ ತಂಡ ಸೋತರೆ 1,000 ಸಿಗುತ್ತದೆ, ಗೆದ್ದರೆ ಅವನ ಕೈಯಿಂದ 450 ಹೋಗುತ್ತದೆ. ಈ ಭಾವ ಏರುವುದು, ಇಳಿಯುವುದು ಸುದ್ದಿಯ ಮೇಲೆ. ಮುಖ್ಯ ಬೌಲರ್‌ನ ತೊಡೆ ಹಿಡಿದಿದೆ, ಪಿಚ್ಚಿಗೆ ಬೆಳಿಗ್ಗೆ ನೀರು ಜಾಸ್ತಿ ಬಿದ್ದಿದೆ, ಇಂದು ಓಪನರ್ ಬದಲಾಗುತ್ತಾನೆ ಎಂಬುದೆಲ್ಲ ಡ್ರೆಸ್ಸಿಂಗ್ ರೂಮಿನಲ್ಲಿ ಕೂತವನಿಗೆ ಎಲ್ಲರಿಗಿಂತ ಮೊದಲು ಗೊತ್ತು. ಪ್ರತಿ ಪಂದ್ಯಕ್ಕೂ ತನ್ನ ತಂಡದ ಮೇಲೆ 5,000 ಹಚ್ಚುವ ಆಟಗಾರ ಒಂದು ದಿನ ಏನೂ ಹಚ್ಚದಿದ್ದರೆ ಬುಕ್ಕಿಗೆ ಬೇರೆ ಸುದ್ದಿಯೇ ಬೇಡ. ಆಟಗಾರ ಬಾಯಿ ಬಿಡದೆಯೂ ಒಳಗಿನ ಮಾತು ಹೊರಗೆ ಹೋಗಿರುತ್ತದೆ.

ಇದಕ್ಕಿಂತ ಕೆಟ್ಟದ್ದು ಉದ್ರಿ. ಈ ಧಂದೆಯಲ್ಲಿ ಪ್ರತಿ ಸಲ ಕೈಯಲ್ಲಿ ನಗದು ಇಡಬೇಕಾಗಿಲ್ಲ. ಹಿಸಾಬು ಆಮೇಲೆ ಆಗುತ್ತದೆ. ಗೆಲುವಿನ ಮೇಲೇ ಹಚ್ಚಿದವನ ತಂಡ ಸಾಲಾಗಿ ನಾಲ್ಕು ಪಂದ್ಯ ಸೋತರೆ ಬಾಕಿ ಅವನ ತಲೆ ಮೇಲೆ ಕೂಡುತ್ತದೆ. ಆಗ ಬುಕ್ಕಿ ರೊಕ್ಕ ಕೇಳುವುದಿಲ್ಲ, ಒಂದು ಸೆಷನ್ ಕೇಳುತ್ತಾನೆ: ಮೊದಲ ಆರು ಓವರಿನಲ್ಲಿ 45 ದಾಟಬಾರದು, ಅಷ್ಟೇ. ಪಂದ್ಯ ಬೇಕಾದರೆ ಗೆಲ್ಲು. ಫಿಕ್ಸಿಂಗ್‌ಗೆ ದಾರಿ ಹೀಗೆ ತೆರೆಯುತ್ತದೆ, ಅದೂ ಗೆಲ್ಲಬೇಕೆಂದು ಹಚ್ಚಿದವನಿಗೇ. ಇನ್ನು ಕ್ಯಾಪ್ಟನ್ ಅಥವಾ ಕೋಚ್ ಹಚ್ಚಿದರಂತೂ ಕೇಳಬೇಡಿ. ರೊಕ್ಕ ಇಟ್ಟ ದಿನ ನೋವಿರುವ ಬೌಲರ್‌ನಿಂದಲೂ ಪೂರ್ತಿ ಕೋಟಾ ಹಾಕಿಸುತ್ತಾನೆ, ಇಡದ ದಿನ ಅವನಿಗೆ ವಿಶ್ರಾಂತಿ.

ಅಮೆರಿಕದ ಪೀಟ್ ರೋಸ್ ಪ್ರಕರಣ ಇಷ್ಟು ದೊಡ್ಡದಾಗಿದ್ದು ಇದಕ್ಕೇ. ಬೇಸ್‌ಬಾಲ್‌ನಲ್ಲಿ ಅವರ 4,256 ಹಿಟ್‌ಗಳನ್ನು ಮೇಜರ್ ಲೀಗ್‌ನಲ್ಲಿ ಇವತ್ತಿಗೂ ಯಾರೂ ದಾಟಿಲ್ಲ. ಸಿನ್ಸಿನಾಟಿ ರೆಡ್ಸ್ ತಂಡದ ಮ್ಯಾನೇಜರ್ (ನಮ್ಮ ಕೋಚ್ ಇದ್ದಂತೆ) ಆಗಿದ್ದಾಗ ಅದೇ ತಂಡದ ಪಂದ್ಯಗಳ ಮೇಲೆ ಹಚ್ಚಿದರೆಂದು 1989ರ ಆಗಸ್ಟಿನಲ್ಲಿ ಶಾಶ್ವತವಾಗಿ ಹೊರಗೆ ಹಾಕಿದರು. ಅಲ್ಲಿಯ 21ನೇ ನಿಯಮ ಬಹಳ ಸರಳ. ನಿನಗೆ ಸಂಬಂಧವಿಲ್ಲದ ಬೇಸ್‌ಬಾಲ್ ಪಂದ್ಯದ ಮೇಲೆ ಹಚ್ಚಿದರೆ ಒಂದು ವರ್ಷ, ನಿನ್ನ ಪಾಲಿನ ಕೆಲಸವಿರುವ ಪಂದ್ಯದ ಮೇಲಾದರೆ ಶಾಶ್ವತ. ತನಿಖೆ ನಡೆಸಿದ ಜಾನ್ ಡೌಡ್ ವರದಿ 1987ರ 52 ರೆಡ್ಸ್ ಪಂದ್ಯಗಳನ್ನು ಪಟ್ಟಿ ಮಾಡಿತು. ರೆಡ್ಸ್ ಸೋಲುತ್ತದೆಂದು ಹಚ್ಚಿದ್ದಕ್ಕೆ ಅದರಲ್ಲಿ ಸಾಕ್ಷ್ಯ ಇರಲಿಲ್ಲ, ರೋಸ್ ಪರ ವಾದಿಸುವವರು ಹಿಡಿಯುವುದು ಇದನ್ನೇ. ಆದರೆ ರೋಸ್ 2004ರ ತನಕ, ಅಂದರೆ ಸುಮಾರು 15 ವರ್ಷ, ಬೇಸ್‌ಬಾಲ್ ಮೇಲೆ ಹಚ್ಚಿಯೇ ಇಲ್ಲ ಎಂದರು. ಒಪ್ಪಿಕೊಂಡ ಮೇಲೂ ಮ್ಯಾನೇಜರ್ ಆಗಿ ಮಾತ್ರ ಎಂದರು. 1986ರಲ್ಲಿ ಆಟಗಾರನಾಗಿದ್ದಾಗಲೂ ಹಚ್ಚಿದ್ದ ಲೆಕ್ಕದ ಹಾಳೆಗಳು 2015ರಲ್ಲಿ ಹೊರಬಂದವು.

ರೋಸ್ 2024ರ ಸೆಪ್ಟೆಂಬರ್ 30ರಂದು ತೀರಿಕೊಂಡರು. ಸತ್ತ ಮೇಲೆ ನಿಷೇಧಕ್ಕೆ ಅರ್ಥವಿಲ್ಲ ಎಂದು 2025ರ ಮೇ ತಿಂಗಳಲ್ಲಿ ಲೀಗ್ ಅವರ ಹೆಸರನ್ನು ನಿಷೇಧಿತರ ಪಟ್ಟಿಯಿಂದ ತೆಗೆಯಿತು. 2027ರ ಡಿಸೆಂಬರಿನಲ್ಲಿ ಹಾಲ್ ಆಫ್ ಫೇಮ್‌ನ 16 ಜನರ ಸಮಿತಿ ಅವರ ಹೆಸರನ್ನು ಪರಿಗಣಿಸಬಹುದು. ಒಳಗೆ ಹೋಗಲು 12 ಮತ ಬೇಕು. ಪಟ್ಟಿಯಿಂದ ತೆಗೆದದ್ದು ಸರಿಯೇ, ಸತ್ತವರು ಆಟವನ್ನು ಕೆಡಿಸಲಾರರು. ಆದರೆ ಪ್ರಾಮಾಣಿಕತೆ, ನಡತೆ ನೋಡಬೇಕೆಂದು ಆ ಸಂಸ್ಥೆಯ ಮತದಾನದ ನಿಯಮದಲ್ಲೇ ಬರೆದಿದೆ. ನಿಷೇಧ ಹೋಯಿತೆಂದರೆ ಸನ್ಮಾನ ಬಂತು ಎಂದಲ್ಲ. ನನ್ನ ಕೈಯಲ್ಲಿ ಮತ ಇದ್ದರೆ ಹಾಕುವುದಿಲ್ಲ.

"ಹಾಗಾದ್ರ ಲಿಲ್ಲಿ, ಮಾರ್ಷ್ ಏನ್ರಿ?" ಎಂದು ಕ್ರಿಕೆಟ್ ಬಲ್ಲವರು ಕೇಳುತ್ತಾರೆ. ನನ್ನ ನಿಯಮಕ್ಕೆ ನಿಜವಾಗಿ ತೊಡಕಾಗುವುದು ಆಸ್ಟ್ರೇಲಿಯಾದ ಈ ಇಬ್ಬರು ಆಟಗಾರರು. 1981ರ ಹೆಡಿಂಗ್ಲಿ ಟೆಸ್ಟಿನಲ್ಲಿ ಇಂಗ್ಲೆಂಡ್ ಫಾಲೋ ಆನ್ ಆಗಿದ್ದಾಗ ಅದು ಗೆಲ್ಲುವ ಭಾವ ಒಂದಕ್ಕೆ 500ಕ್ಕೆ ಹೋಗಿತ್ತು. ಡೆನಿಸ್ ಲಿಲ್ಲಿ 10 ಪೌಂಡ್, ರಾಡ್ ಮಾರ್ಷ್ 5 ಪೌಂಡ್ ಹಚ್ಚಿದರು, ಅದೂ ಎದುರಾಳಿಯ ಮೇಲೆ! ಬೋಥಮ್ ಅಜೇಯ 149 ಹೊಡೆದರು, ವಿಲ್ಲಿಸ್ 43 ರನ್ನಿಗೆ 8 ವಿಕೆಟ್ ಕಿತ್ತರು, ಇಂಗ್ಲೆಂಡ್ 18 ರನ್ನಿಂದ ಗೆದ್ದಿತು. ಲಿಲ್ಲಿಗೆ 5,000 ಪೌಂಡ್, ಮಾರ್ಷ್‌ಗೆ 2,500 ಬಂತು. ಬೇಕಂತ ಸೋತರಾ? ಸ್ಕೋರ್‌ಕಾರ್ಡ್ ಹಾಗೆ ಹೇಳುವುದಿಲ್ಲ. 130ರ ಗುರಿಗೆ 75ಕ್ಕೆ 8 ಬಿದ್ದಾಗ ಬ್ರೈಟ್ ಜೊತೆ 35 ರನ್ ಸೇರಿಸಿ ಪಂದ್ಯವನ್ನು ಹತ್ತಿರ ತಂದದ್ದು ಇದೇ ಲಿಲ್ಲಿ. ಆಗ ಅದನ್ನು ತಡೆಯುವ ನಿಯಮ ಇರಲಿಲ್ಲ, ಶಿಕ್ಷೆಯೂ ಆಗಲಿಲ್ಲ. 2009ರಲ್ಲಿ ಇಬ್ಬರೂ ಐಸಿಸಿ ಹಾಲ್ ಆಫ್ ಫೇಮ್ ಸೇರಿದರು. ಇಲ್ಲದ ನಿಯಮವನ್ನು ಹಿಂದಕ್ಕೆ ಎಳೆದು ಹಾಕಿ ಅವರ ಗೌರವ ಕಸಿಯಬೇಕು ಎನ್ನಲಾರೆ. ಆದರೆ ಇವತ್ತು ಅದನ್ನೇ ಮಾಡಿದವನು ಇವರ ಉದಾಹರಣೆ ಕೊಡುವಂತಿಲ್ಲ.

ಕ್ಷಮಿಸಬಹುದಾದ ಬೆಟ್ಟಿಂಗ್ ಹೇಗಿರುತ್ತದೆ ಎಂದರೆ ಇಂಗ್ಲೆಂಡಿನ ಬ್ರೈಡನ್ ಕಾರ್ಸ್ ಅವರದು. 2017ರಿಂದ 2019ರ ನಡುವೆ ಕ್ರಿಕೆಟ್ ಮೇಲೆ 303 ಸಲ ಹಚ್ಚಿದ್ದರು, ತಾವು ಆಡಿದ ಪಂದ್ಯದ ಮೇಲೆ ಒಂದೂ ಇಲ್ಲ. ತನಿಖೆಗೆ ಸಹಕರಿಸಿದರು, 2024ರಲ್ಲಿ ಮೂರು ತಿಂಗಳು ಹೊರಗಿದ್ದರು, ಅದೇ ಅಕ್ಟೋಬರಿನಲ್ಲಿ ಟೆಸ್ಟ್ ಆಡಿದರು. ಮುಂದೆ ಸಾಧನೆ ಮಾಡಿದರೆ ಅವರಿಗೆ ಸನ್ಮಾನ ತಪ್ಪಿಸಬಾರದು.

ಇಷ್ಟೆಲ್ಲ ಸನ್ಮಾನದ ಮೇಲೆ ಯಾಕೆ ಹೇರಬೇಕು, ಪೊಲೀಸರಿದ್ದಾರಲ್ಲ ಎಂದರೆ, ಕೋರ್ಟಿನಲ್ಲಿ ಇದು ನಿಲ್ಲುವುದು ಕಷ್ಟ. 2019ರ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಫಿಕ್ಸಿಂಗ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2022ರ ಜನವರಿಯಲ್ಲಿ, ಮ್ಯಾಚ್ ಫಿಕ್ಸಿಂಗ್ ದಂಡ ಸಂಹಿತೆಯ ಕಲಂ 420ರ ವಂಚನೆ ಆಗುವುದಿಲ್ಲ, ಶಿಸ್ತು ಕ್ರಮ ಬಿಸಿಸಿಐಗೆ ಬಿಟ್ಟದ್ದು ಎಂದಿತು. ಅಂದ ಮೇಲೆ ಆಟದ ಕೈಯಲ್ಲಿ ಉಳಿಯುವುದು ನಿಷೇಧ ಮತ್ತು ಗೌರವ, ಎರಡೇ.

ಇದು ನಮ್ಮ ಟೆನಿಸ್ ಬಾಲ್ ಟೂರ್ನಮೆಂಟುಗಳಿಗೂ ಸಲ್ಲುತ್ತದೆ. ಎಂಟ್ರಿ ಫಾರ್ಮಿನಲ್ಲೇ ಎರಡು ಸಾಲು ಬರೆಸಿ, ಹನ್ನೊಂದೂ ಜನರ ಸಹಿ ತಗೊಳ್ಳಿ: ಈ ಟೂರ್ನಮೆಂಟಿನ ಯಾವ ಪಂದ್ಯದ ಮೇಲೂ ಹಚ್ಚುವುದಿಲ್ಲ, ಹಚ್ಚಿದರೆ ಬಹುಮಾನ ಇಲ್ಲ. ಕ್ಯಾಪ್ಟನ್ ಒಬ್ಬನ ಸಹಿ ತಗೊಂಡರೆ ಉಳಿದವರು "ನಮಗ ಗೊತ್ತೇ ಇಲ್ಲ" ಅನ್ನುತ್ತಾರೆ. ಟಾಸಿಗೆ ಮೊದಲೇ ಆಟಗಾರರ ಫೋನು ಒಂದು ಚೀಲಕ್ಕೆ ಹಾಕಿಸಿ, ಪಂದ್ಯ ಮುಗಿದ ಮೇಲೆ ಕೊಡಿ. ಅಂತರರಾಷ್ಟ್ರೀಯ ಪಂದ್ಯದ ಡ್ರೆಸ್ಸಿಂಗ್ ರೂಮಿನಲ್ಲೂ ಫೋನ್ ಇಟ್ಟುಕೊಳ್ಳುವಂತಿಲ್ಲ. ಎರಡು ತಂಡ ಸಮ ರೊಕ್ಕ ಹಾಕಿ ಆಡುವ ಶರ್ತಿನ ಮ್ಯಾಚ್ ಬಿಟ್ಟು ಎಂಟ್ರಿ ಫೀ, ಬಹುಮಾನ ಎಂದು ರಸೀದಿ ಕೊಟ್ಟು ನಡೆಸಿ. ಮ್ಯಾನ್ ಆಫ್ ದ ಸೀರೀಸ್ ಕಪ್ಪನ್ನು ಫೈನಲ್ ದಿನವೇ ಕೈಗಿಡಬೇಡಿ, ದೂರು ಕೊಡಲು ಒಂದು ದಿನ ಬಿಡಿ. ದೂರು ನಿಜವಾದರೆ ಅವನ ರನ್ ಸ್ಕೋರ್ ಬುಕ್ಕಿನಲ್ಲಿ ಹಾಗೇ ಇರಲಿ, ಕಪ್ಪು ಎರಡನೆಯವನಿಗೆ ಹೋಗಲಿ.