ಪಾಳಿಯಲ್ಲಿ ನಿಂತು ಗೊತ್ತಿರುವವರು

"ಈ ವರ್ಷ ಎಷ್ಟು ಕಿಟ್ ಹಂಚಿದ್ರಿ?" ಆಹಾರ ಭದ್ರತೆಗಾಗಿ ಕೆಲಸ ಮಾಡುವ ಸಂಸ್ಥೆಯಲ್ಲಿದ್ದೇನೆ ಅಂದ ಕೂಡಲೇ ಹಾವೇರಿಯಲ್ಲಿ ಜನ ಕೇಳುವುದು ಇದನ್ನೇ. ನಾವು ಕಿಟ್ ಹಂಚುವುದಿಲ್ಲ. ನಮ್ಮ ಹತ್ತಿರ ಅಕ್ಕಿಯೂ ಇಲ್ಲ, ಗೋದಾಮೂ ಇಲ್ಲ. ಅಕ್ಕಿ ಕೊಡಬೇಕಾದದ್ದು ಸರ್ಕಾರ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪ್ರಕಾರ ಆದ್ಯತಾ ಕುಟುಂಬದ, ಅಂದರೆ ಬಿಪಿಎಲ್ ಕಾರ್ಡ್ ಇರುವ ಮನೆಯ, ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆಜಿ ಧಾನ್ಯ ಸಿಗಲೇಬೇಕು. ಕಡು ಬಡವರಿಗೆ ಕೊಡುವ ಅಂತ್ಯೋದಯ ಕಾರ್ಡ್ ಇರುವ ಮನೆಗೆ, ಎಷ್ಟೇ ಜನ ಇರಲಿ, 35 ಕೆಜಿ. ಅದರ ಮೇಲೆ ನಮ್ಮ ರಾಜ್ಯದ ಅನ್ನಭಾಗ್ಯ. ಶಾಲೆಯಲ್ಲಿ ಬಿಸಿಯೂಟ, ಅಂಗನವಾಡಿಯಲ್ಲಿ ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ, ಬಾಣಂತಿಯರಿಗೆ ಊಟ. ಇದು ಯಾರ ದಾನವೂ ಅಲ್ಲ, ಹಕ್ಕು. ಅದು ಯಾರ ಮನೆಗೆ ಮುಟ್ಟಿಲ್ಲ, ಯಾಕೆ ಮುಟ್ಟಿಲ್ಲ ಅಂತ ಹುಡುಕಿ, ಮುಟ್ಟುವ ತನಕ ಬೆನ್ನು ಹತ್ತುವುದು ನಮ್ಮ ಕೆಲಸ.

ಈ ಕೆಲಸಕ್ಕೆ ಎಂಥವರು ಬೇಕು ಅನ್ನುವುದರ ಬಗ್ಗೆ ನನಗೆ ಈಗ ಒಂದು ಗಟ್ಟಿ ಅಭಿಪ್ರಾಯವಿದೆ. ಡಿಗ್ರಿ ಇರಲಿ, ಬೇಡ ಅನ್ನುವುದಿಲ್ಲ. ಆದರೆ ರೇಷನ್ ಅಂಗಡಿ ಮುಂದೆ ಪಾಳಿಯಲ್ಲಿ ನಿಂತು, ಖಾಲಿ ಚೀಲ ಹಿಡಿದು ವಾಪಸ್ ಬಂದು ಗೊತ್ತಿರುವವರು ತಂಡದಲ್ಲಿ ಇರಲೇಬೇಕು. ಇಂಥವರಿಗೆ ಗೊತ್ತಿರುವುದು ಯಾವ ತರಬೇತಿಯಲ್ಲೂ ಸಿಗುವುದಿಲ್ಲ.

ಬ್ಯಾಡಗಿ ಕಡೆಯ ಉದಾಹರಣೆ ನೋಡಿ. ಮೆಣಸಿನಕಾಯಿ ಹಂಗಾಮು ಶುರುವಾದರೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಬೆಳಿಗ್ಗೆ ಟಂಟಂ ಹತ್ತಿದರೆ ಮನೆಗೆ ಬರುವುದು ಹೊತ್ತು ಮುಳುಗಿದ ಮೇಲೆ. ರೇಷನ್ ಅಂಗಡಿ ತೆಗೆಯುವುದು ಅವರು ಊರಲ್ಲಿ ಇಲ್ಲದ ಹೊತ್ತಿನಲ್ಲಿ. ಒಂದು ದಿನದ ಪಗಾರ ಬಿಟ್ಟು ಪಾಳಿ ಹಚ್ಚಿದರೂ ಅಕ್ಕಿ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ.

ಒಂದು ಸಲ ಅಲ್ಲಿಯ ಒಂದು ಹಳ್ಳಿಗೆ ನಮ್ಮ ಅಕ್ಕನ ಜೊತೆ ಹೋಗಿದ್ದೆ. ಅಕ್ಕ ಅಂದರೆ ನಮ್ಮ ಕ್ಷೇತ್ರ ಕಾರ್ಯಕರ್ತೆ. ಸಂಸ್ಥೆ ಸೇರುವ ಮೊದಲು ಅವರೂ ವರ್ಷಗಟ್ಟಲೆ ಮೆಣಸಿನಕಾಯಿ ಬಿಡಿಸಿದವರು. ವಯಸ್ಸಾದ ಒಬ್ಬ ತಾಯಿ ಯಂತ್ರದ ಮೇಲೆ ಹೆಬ್ಬೆರಳು ಒತ್ತುತ್ತಿದ್ದರು. ಮತ್ತೆ ಮತ್ತೆ ಒತ್ತಿದರು, ಯಂತ್ರ ತಗೊಳ್ಳಲಿಲ್ಲ. "ತಂಬ್ ಹತ್ತವಲ್ದು ಯವ್ವಾ, ನಾಳೆ ಬಾ" ಅಂದರು ಅಂಗಡಿಯವರು. ಅಕ್ಕ ಮುಂದೆ ಹೋಗಿ ಆ ತಾಯಿಯ ಕೈ ಹಿಡಿದು ನೋಡಿದರು. ಸೆರಗಿನಿಂದ ಬೆರಳು ಒರೆಸಿದರು. ಆಮೇಲೆ ಅಂಗಡಿಯವರಿಗೆ ಹೇಳಿದರು: "ಅಣ್ಣಾರ, ತೊಟ್ಟು ಬಿಡಸೋದ್ರಾಗ ಹೆಬ್ಬಟ್ಟು, ಅದರ ಬಾಜೂ ಬಟ್ಟು ಸವೀತಾವ. ಉಂಗುರದ ಬಟ್ಟು ಹಚ್ಚಿ ನೋಡ್ರಿ." ಹಚ್ಚಿದರು. ಯಂತ್ರ ತಗೊಂಡಿತು.

ಆಧಾರ್‌ನಲ್ಲಿ ಹತ್ತೂ ಬೆರಳಿನ ಗುರುತು ಇರುತ್ತದೆ, ಯಾವುದು ಹೊಂದಿದರೂ ನಡೆಯುತ್ತದೆ. ಈ ಮಾತು ನನಗೂ ಗೊತ್ತಿತ್ತು. ಆದರೆ ಯಾವ ಕೆಲಸದವರ ಯಾವ ಬೆರಳು ಉಳಿದಿರುತ್ತದೆ ಅಂತ ಅಕ್ಕನಿಗೆ ಗೊತ್ತಿತ್ತು.

ಬೆರಳು ಹೊಂದದಿದ್ದರೆ ಮೊಬೈಲಿಗೆ ಒಟಿಪಿ ತರಿಸಬಹುದು ಅನ್ನುತ್ತಾರೆ. ಆಧಾರ್‌ಗೆ ಜೋಡಿಸಿದ ನಂಬರು ಮಗನದ್ದು, ಮಗ ದುಡಿಯಲು ಗೋವಾದಲ್ಲಿ. ಆಗ ಏನು ಮಾಡುವುದು? ಆಧಾರ್ ಇಲ್ಲ, ಬೆರಳಚ್ಚು ಹೊಂದಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸಬಾರದು ಅಂತ 2017ರ ಅಕ್ಟೋಬರ್‌ನಲ್ಲೇ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೆ ಬರೆದಿದೆ. ಅದರ ಪ್ರತಿ ನಮ್ಮ ಕಾರ್ಯಕರ್ತರ ಚೀಲದಲ್ಲಿ ಯಾವಾಗಲೂ ಇರುತ್ತದೆ. ಜಗಳ ಮಾಡುವ ಅಗತ್ಯ ಬರುವುದು ಕಡಿಮೆ. "ಹಂಗಾದ್ರ ಕೊಡೂದಿಲ್ಲ ಅಂತ ಬರದು ಕೊಡ್ರಿ" ಅಂತ ಅಕ್ಕ ಶಾಂತವಾಗಿ ಕೇಳುತ್ತಾರೆ. ಹೆಚ್ಚಿನ ಸಲ ಅಷ್ಟರಲ್ಲೇ ಏನಾದರೂ ದಾರಿ ಆಗುತ್ತದೆ.

ಅಂಗಡಿಯವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅವರೆಲ್ಲ ಕಳ್ಳರು ಅಂತ ತಿಳಿದು ಬರುವ ಹುಡುಗರು ಈ ಕೆಲಸದಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಸರ್ವರ್ ಕೈ ಕೊಟ್ಟರೆ ಬೈಸಿಕೊಳ್ಳುವವರು ಅವರೇ. ಕಮಿಷನ್ ಕಡಿಮೆ, ಅದೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಅನ್ನುವ ದೂರು ನಾವು ಎಲ್ಲ ಕಡೆ ಕೇಳುತ್ತೇವೆ. ಆ ಹಳ್ಳಿಯ ಅಂಗಡಿಯವರ ಜೊತೆ ಅಕ್ಕ ಕೂತು ಮಾತಾಡಿದ್ದರಿಂದಲೇ ಹಂಗಾಮಿನ ತಿಂಗಳುಗಳಲ್ಲಿ ಕೆಲವು ದಿನ ಸಂಜೆ ಅಂಗಡಿ ತೆಗೆಯಲು ಒಪ್ಪಿದರು. ಯಾವ ಆದೇಶವೂ ಇಲ್ಲದೆ.

ಶಿರಹಟ್ಟಿ ಕಡೆಯ ತಾಂಡಾಗಳನ್ನು ನೋಡಿಕೊಳ್ಳುವ ನಮ್ಮ ಸಹೋದ್ಯೋಗಿ ಅಲ್ಲಿಯವರೇ, ಲಂಬಾಣಿ ಮಾತಾಡುವವರು. ಅಲ್ಲಿಂದ ಜನ ಗೋವಾಕ್ಕೆ, ಮಂಗಳೂರಿಗೆ, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಮುದುಕರು, ಮಕ್ಕಳು ಉಳಿಯುತ್ತಾರೆ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂದಿದೆ. ಅದರಲ್ಲಿ ಗುಳೆ ಹೋದವರು ತಮ್ಮ ಪಾಲನ್ನು ಅಲ್ಲಿ ತಗೊಂಡು, ಊರಲ್ಲಿದ್ದವರು ಉಳಿದದ್ದನ್ನು ಇಲ್ಲಿ ತಗೊಳ್ಳಬಹುದು. ಆದರೆ ಗೋವಾದಲ್ಲಿ ಸಿಗುವುದು ಕೇಂದ್ರದ 5 ಕೆಜಿ ಮಾತ್ರ, ನಮ್ಮ ರಾಜ್ಯದ ಹೆಚ್ಚುವರಿ ಅಲ್ಲ. ಹೋಗುವ ಮೊದಲೇ ಇದನ್ನು ಮನೆಮನೆಗೆ ಹೇಳಬೇಕು. ಹೋದ ಮೇಲೆ ಹೇಳಿ ಏನು ಉಪಯೋಗ?

ಇವರಿಂದ ನಾನು ಕಲಿತದ್ದು ಪ್ರಶ್ನೆ ಕೇಳುವ ರೀತಿ. ಫಾರ್ಮ್ ಹಿಡಿದು "ನಿಮ್ಮ ಮನೆಯಲ್ಲಿ ಊಟಕ್ಕೆ ತೊಂದರೆ ಇದೆಯಾ?" ಅಂದರೆ ಯಾರೂ ಹೌದು ಅನ್ನುವುದಿಲ್ಲ. ಮರ್ಯಾದೆ ಪ್ರಶ್ನೆ ಅಲ್ವಾ. ಅವರು ಹಾಗೆ ಕೇಳುವುದೇ ಇಲ್ಲ. ಕಟ್ಟೆ ಮೇಲೆ ಕೂತು, "ನಿನ್ನೆ ರಾತ್ರಿ ರೊಟ್ಟಿಗೆ ಏನ್ ಪಲ್ಯ ಮಾಡಿದ್ದಿ?" ಅನ್ನುತ್ತಾರೆ. "ಖಾರ ಹಚ್ಕೊಂಡು ತಿಂದ್ವಿ" ಅನ್ನುವ ಉತ್ತರ ಒಂದೇ ಮನೆಯಿಂದ ವಾರವಿಡೀ ಬಂದರೆ, ಆ ಮನೆಯಲ್ಲಿ ಬೇಳೆ ಮುಗಿದಿದೆ, ಎಣ್ಣೆ ಮುಗಿದಿದೆ ಅಂತ ಅರ್ಥ. ಮೂಲೆಯಲ್ಲಿ ಅಕ್ಕಿ ಚೀಲ ಇದ್ದರೂ ಅಷ್ಟೇ.

ನಮ್ಮದು ರೊಟ್ಟಿ ತಿನ್ನುವ ಸೀಮೆ. ಬಂದ ಅಕ್ಕಿಯಲ್ಲಿ ಸ್ವಲ್ಪ ಮಾರಿ ಜೋಳ ತರುವ ಮನೆಗಳಿವೆ. ಅದು ನಿಯಮಕ್ಕೆ ವಿರುದ್ಧ, ನಿಜ. ಆದರೆ ಆ ಮನೆಯವರನ್ನು ಬೈಯುವ ಮೊದಲು ಪಡಿತರದಲ್ಲಿ ಜೋಳ ಯಾಕೆ ವರ್ಷವಿಡೀ ಸಿಗುವುದಿಲ್ಲ ಅಂತ ಕೇಳಬೇಕು. ಕಾಯ್ದೆಯಲ್ಲಿ ಅಕ್ಕಿ, ಗೋದಿ ಜೊತೆಗೆ ಜೋಳ, ಸಜ್ಜೆಯಂಥ ಧಾನ್ಯಗಳಿಗೂ ಜಾಗವಿದೆ.

ಕಾರ್ಡಿನ ವಿಚಾರದಲ್ಲಿ ಸಮಾನತೆ ಅಂದರೆ ಎಲ್ಲರಿಗೂ ಒಂದೇ ಅಳತೆ ಅಲ್ಲ. ಒಂಟಿಯಾಗಿರುವ ಮುದುಕಿಗೆ ಅಂತ್ಯೋದಯ ಕಾರ್ಡ್ ಸಿಕ್ಕರೆ ಬದುಕೇ ಬದಲಾಗುತ್ತದೆ. ಅದೇ ಕಾರ್ಡ್ ಎಂಟು ಜನರ ಮನೆಯಲ್ಲಿದ್ದರೆ ತಲೆಗೆ 5 ಕೆಜಿಯೂ ಬೀಳುವುದಿಲ್ಲ, ಲೆಕ್ಕ ಹಾಕಿ ನೋಡಿ. ಯಾರಿಗೆ ಯಾವ ಕಾರ್ಡ್ ಸರಿ ಅಂತ ಊರಿನ ಮನೆಮನೆ ಗೊತ್ತಿರುವವರೇ ಹೇಳಬಲ್ಲರು.

ಅಂಗನವಾಡಿ ಸಹಾಯಕಿಯಾಗಿ ದುಡಿದು ಬಂದ ಇನ್ನೊಬ್ಬರು ನಮ್ಮಲ್ಲಿದ್ದಾರೆ. ಮಗುವಿನ ತೋಳಿಗೆ ಅಳತೆ ಪಟ್ಟಿ ಸುತ್ತಿ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ ಅಂತ ಯಾರು ಬೇಕಾದರೂ ಕಲಿಯಬಹುದು. ಮಗುವನ್ನು ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಲು ತಾಯಿ ಒಪ್ಪುವುದಿಲ್ಲ, ಅಲ್ಲಿ ತೊಡಕು. ಮನೆಯಲ್ಲಿ ಉಳಿದ ಮಕ್ಕಳನ್ನು, ಎಮ್ಮೆಯನ್ನು ಯಾರು ನೋಡಬೇಕು? ಇವರು ಮೊದಲು ಅದಕ್ಕೆ ವ್ಯವಸ್ಥೆ ಮಾಡುತ್ತಾರೆ, ಅತ್ತೆಯನ್ನೋ ನೆರೆಮನೆಯವರನ್ನೋ ಒಪ್ಪಿಸುತ್ತಾರೆ. ಆಸ್ಪತ್ರೆ ಮಾತು ಆಮೇಲೆ.

ಬಿ.ಎ. ಮುಗಿಸಿದ ಒಬ್ಬ ತಮ್ಮನೂ ಇದ್ದಾನೆ, ಅರ್ಜಿ ಬರೆಯುವುದು ಅವನ ಪಾಲು. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡ್‌ಗಳು ಎಪಿಎಲ್ ಆಗಿ ಗದ್ದಲವಾದಾಗ ಕಚೇರಿ ಬಾಗಿಲಿಗೆ ಜನ ಬಂದರು. ಅವನು ಒಬ್ಬೊಬ್ಬರ ಹೆಸರಲ್ಲೇ ಅರ್ಜಿ ಬರೆದ, ಸಂಸ್ಥೆ ಹೆಸರಲ್ಲಿ ಒಂದೂ ಇಲ್ಲ. ಕಾಯ್ದೆಯ ಪ್ರಕಾರ ಕಾರ್ಡಿನ ಯಜಮಾನಿ ಮನೆಯ ಹಿರಿಯ ಹೆಣ್ಣುಮಗಳು. ಆಕೆಯೇ ಸಹಿ ಮಾಡಬೇಕು, ಆಕೆಯೇ ಕೊಟ್ಟು ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಬೇಕು. ಸುಮ್ನೆ ಬಾಯಿಮಾತಲ್ಲಿ ಹೇಳಿ ಬಂದರೆ ನಾಳೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ, ಅಲ್ಲಿಂದ ರಾಜ್ಯ ಆಹಾರ ಆಯೋಗಕ್ಕೆ ಹೋಗಲು ಕೈಯಲ್ಲಿ ಏನೂ ಇರುವುದಿಲ್ಲ.

ಇನ್ನು ಸಂಬಳ. ಇದನ್ನು ನಮ್ಮ ವಲಯದಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ, ಮಾತಾಡಬೇಕು. ಯೋಜನೆಯ ಬಜೆಟ್ ಬರೆಯುವಾಗ ಊರೂರು ಅಲೆಯುವವರಿಗೆ ಕಡಿಮೆ, ಕಂಪ್ಯೂಟರ್ ಮುಂದೆ ಕೂರುವವರಿಗೆ ಜಾಸ್ತಿ ಇಡುವುದು ರೂಢಿ. ಬೇರೆಯವರ ಅನ್ನದ ಹಕ್ಕಿಗೆ ಓಡಾಡುವ ಹೆಣ್ಣುಮಗಳ ಮನೆಯಲ್ಲಿ ತಿಂಗಳ ಕೊನೆಗೆ ಡಬ್ಬಿ ಖಾಲಿ ಇದ್ದರೆ ನಾವು ಯಾವ ಬಾಯಿಯಿಂದ ನ್ಯಾಯ ಕೇಳುವುದು?

ಆದರೆ ಸರಿಯಾದ ಸಂಬಳ ಕೊಟ್ಟರೆ ಇನ್ನೊಂದು ಸಿಕ್ಕು. ಬಿಪಿಎಲ್ ಕಾರ್ಡಿಗೆ ರಾಜ್ಯದಲ್ಲಿ ಕುಟುಂಬದ ವರಮಾನದ ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ. ಅಂದರೆ ಇಡೀ ಮನೆಗೆ ತಿಂಗಳಿಗೆ 10 ಸಾವಿರ. ನಮ್ಮ ಕಾರ್ಯಕರ್ತೆಗೆ ಅದಕ್ಕಿಂತ ಜಾಸ್ತಿ ಕೊಟ್ಟ ದಿನ ಅವಳು ಮಿತಿ ದಾಟುತ್ತಾಳೆ. ಅಕ್ಕಿ ಹೋಗುತ್ತದೆ, ಜೊತೆಗೆ ಸರ್ಕಾರಿ ಆರೋಗ್ಯ ಯೋಜನೆಯ ಪೂರ್ತಿ ನೆರವೂ ಹೋಗುತ್ತದೆ. ನಮ್ಮ ಸಭೆಯಲ್ಲಿ ಈ ಚರ್ಚೆ ಬಹಳ ಹೊತ್ತು ನಡೆಯಿತು. ಕಾರ್ಡ್ ಉಳಿಸಲು ಸಂಬಳವನ್ನು ಕಾಗದದ ಮೇಲೆ ಕಡಿಮೆ ತೋರಿಸೋಣ ಅನ್ನುವ ಸಲಹೆಯೂ ಬಂತು. ಬೇಡ ಅಂದವರು ಅದೇ ಬ್ಯಾಡಗಿಯ ಅಕ್ಕ. "ನಾಳೆ ಅಂಗಡ್ಯಾಗ ನಿಂತು ಮಾತಾಡಬೇಕಲ್ರೀ ನಾವು" ಅಂದರು. ಕಾರ್ಡ್ ವಾಪಸ್ ಕೊಟ್ಟರು. ಸಂಸ್ಥೆ ಅವರ ಇಡೀ ಮನೆಗೆ ಆರೋಗ್ಯ ವಿಮೆ ಮಾಡಿಸಿತು. ಆ ಮಿತಿ ಈಗಿನ ಬೆಲೆಗಳಿಗೆ ಬಹಳ ಕಡಿಮೆ ಅಂತ ನಾವು ಪ್ರತಿ ಮನವಿಯಲ್ಲೂ ಬರೆಯುತ್ತಿದ್ದೇವೆ, ಬರೆಯುತ್ತಲೇ ಇರುತ್ತೇವೆ.

ಹಾನಗಲ್ ಭಾಗಕ್ಕೆ ಈಗ ಒಬ್ಬರನ್ನು ತಗೊಳ್ಳಬೇಕಾಗಿದೆ. ಎಸ್ಸೆಸ್ಸೆಲ್ಸಿ ಓದಿದ್ದರೆ ಸಾಕು, ಇಂಗ್ಲಿಷ್ ಬೇಡ. ವರದಿಯನ್ನು ಅವರು ಕನ್ನಡದಲ್ಲಿ ಹೇಳಿದರೆ ಬರೆದುಕೊಳ್ಳುವ ಹೊಣೆ ಕಚೇರಿಯದ್ದು. ಗದ್ದೆ ಕೆಲಸ ಮಾಡಿದವರು, ಒಂಟಿ ಹೆಣ್ಣುಮಕ್ಕಳು, ಅಂಗವಿಕಲರು ಬಂದರೆ ಮೊದಲ ಆದ್ಯತೆ. ಸಂದರ್ಶನದಲ್ಲಿ ನಾವು ಕೇಳುವ ಮೊದಲ ಪ್ರಶ್ನೆ, ಕಳೆದ ತಿಂಗಳು ನಿಮ್ಮ ಊರಲ್ಲಿ ಯಾರಿಗೆ ರೇಷನ್ ಸಿಗಲಿಲ್ಲ ಅನ್ನುವುದು.